ತಲಾಂತು: ತಕ್ಕಡಿಯಿಂದ ಪ್ರತಿಭೆಯವರೆಗೆ

ದೊಡ್ಡಬಳ್ಳಾಪುರ, ನೆಲಮಂಗಲಗಳ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ ನಡೆದಾಗ, ಚೆನ್ನಾಗಿ ಹಾಡಿದ ಮಗುವಿಗೆ ‘ಟ್ಯಾಲೆಂಟ್’ ಇದೆ ಎಂದು ಊರವರು ಹೊಗಳುತ್ತಾರೆ. ಈ ಆಂಗ್ಲ ಪದ ಇಂದಿನ ಅರ್ಥವನ್ನು ಪಡೆದದ್ದು ಶುಭಸಂದೇಶದ ಒಂದು ಸಾಮತಿಯಿಂದ.

ಗ್ರೀಕರಿಗೆ ‘ತಾಲಂತೊನ್’ ಎಂದರೆ ಮೊದಲು ತಕ್ಕಡಿ, ಬಳಿಕ ಅದರಲ್ಲಿ ತೂಗಿದ ತೂಕ, ಅನಂತರ ಅಷ್ಟು ತೂಕದ ಬೆಳ್ಳಿ. ಹೊರುವುದು, ಎತ್ತುವುದು ಎಂಬರ್ಥದ ಇದರ ಧಾತುವೇ ಸಂಸ್ಕೃತದ ‘ತುಲಾ’ ಶಬ್ದಕ್ಕೂ ಮೂಲ. ನಮ್ಮ ತುಲಾಭಾರವೂ ಹಳೆಯ ಕನ್ನಡ ಸತ್ಯವೇದದ ತಲಾಂತೂ ಹೀಗೆ ದೂರದ ದಾಯಾದಿಗಳು. ಒಂದು ತಲಾಂತಿಗೆ 6000 ದ್ರಾಖ್ಮ. ದ್ರಾಖ್ಮವನ್ನು ರೋಮಿನ ದೆನಾರಿಗೆ ಸಮವೆಂದೆಣಿಸಿ, ದ್ರಾಕ್ಷಾತೋಟದ ಸಾಮತಿಯಲ್ಲಿರುವಂತೆ ದಿನಗೂಲಿ ಒಂದು ದೆನಾರಿ ಎಂದಿಟ್ಟುಕೊಂಡರೆ, ಅದು ವರ್ಷಕ್ಕೆ 300 ದಿನ ದುಡಿಯುವವನ 20 ವರ್ಷಗಳ ಗಳಿಕೆ. ಒಂದೇ ತಲಾಂತು ಪಡೆದವನಿಗೆ ಅಲ್ಪವೇ ದೊರೆಯಿತೆಂದು ಮರುಗುವ ಪ್ರಬೋಧನೆಗಳು ಈ ಲೆಕ್ಕವನ್ನು ನೋಡಿದಂತಿಲ್ಲ.

ಲತೀನಿನ ‘ತಲೆಂತುಮ್’ ಮಧ್ಯಯುಗದಲ್ಲಿ ಮನಸ್ಸಿನ ಒಲವು ಎಂಬರ್ಥವನ್ನೂ ತಾಳಿತು. ಹಳೆಯ ಫ್ರೆಂಚಿನಲ್ಲಿ ಅದು ಬಯಕೆ. ದೇವದತ್ತ ಸಾಮರ್ಥ್ಯವೆಂಬ ಅರ್ಥ ಇಂಗ್ಲಿಷಿಗೆ ಬಂದದ್ದು 15ನೆಯ ಶತಮಾನದಲ್ಲಿ, ಸಂತ ಮತ್ತಾಯನ 25ನೆಯ ಅಧ್ಯಾಯದ ಸಾಮತಿಯನ್ನು ಆಧರಿಸಿ. ಕಾಲಕ್ರಮದಲ್ಲಿ ‘ದೇವದತ್ತ’ ಎಂಬುದು ಉದುರಿಹೋಯಿತು.

ಆದರೆ ಮೂಲದಲ್ಲಿ ಒಡೆಯನು ಒಬ್ಬೊಬ್ಬ ಸೇವಕನ ಸಾಮರ್ಥ್ಯವನ್ನು ನೋಡಿ ತಲಾಂತುಗಳನ್ನು ವಹಿಸುತ್ತಾನೆ (25:15). ಸಾಮರ್ಥ್ಯ ಅವರಲ್ಲಿ ಮೊದಲೇ ಇದೆ; ಅದಕ್ಕೆ ‘ದ್ಯುನಮಿಸ್’ ಎಂಬ ಬೇರೆ ಪದವೇ ಇದೆ. ತಲಾಂತಾದರೋ ಒಡೆಯನ ಸೊತ್ತು, ಲೆಕ್ಕ ಒಪ್ಪಿಸಬೇಕಾದ ಹೊರೆ. ಎರಡನ್ನೂ ಒಂದೆಂದು ಬೋಧಿಸಿದಾಗ ನಾವು ಈ ಸಾಮತಿಯನ್ನು ಪ್ರತಿಭಾ ಸ್ಪರ್ಧೆಯಾಗಿ ಮಾಡುತ್ತೇವೆ.

590ರಿಂದ 604ರವರೆಗೆ ಜಗದ್ಗುರುಗಳಾಗಿದ್ದ ಮಹಾ ಗ್ರೆಗೊರಿಯವರು ಶುಭಸಂದೇಶಗಳ ಮೇಲಣ ತಮ್ಮ 9ನೆಯ ಪ್ರಬೋಧನೆಯಲ್ಲಿ ಐದು ತಲಾಂತುಗಳನ್ನು ಪಂಚೇಂದ್ರಿಯಗಳೆಂದು ವಿವರಿಸಿದ್ದಾರೆ. ಆ ಸಾಂಕೇತಿಕ ವ್ಯಾಖ್ಯಾನ ಇಂದಿನವರಿಗೆ ಅಷ್ಟಾಗಿ ರುಚಿಸದು. ಆ ಪ್ರಬೋಧನೆಯ ಮುಕ್ತಾಯ ಹಾಗಲ್ಲ. ಜ್ಞಾನ, ಐಶ್ವರ್ಯಗಳಂತೆ ಹೊಟ್ಟೆಪಾಡಿನ ಕಸುಬೂ ತಲಾಂತು ಎನ್ನುತ್ತಾರೆ ಅವರು. ಧನಿಕನೊಡನೆ ಸಲುಗೆಯುಳ್ಳವನಿಗೆ ಆ ಸಲುಗೆಯೇ ತಲಾಂತು, ಬಡವರ ಪರವಾಗಿ ಅಲ್ಲಿ ಬಾಯಿಬಿಡದವನು ಅದನ್ನು ಬಚ್ಚಿಟ್ಟವನೇ. ದೊಡ್ಡಬಳ್ಳಾಪುರದ ಮಗ್ಗದ ನೇಕಾರರ ಕುಶಲತೆ ಈ ಎಣಿಕೆಯೊಳಗೆ ಬರುತ್ತದೆ. ದೇವನಹಳ್ಳಿಯ ಸುತ್ತ ಜಮೀನು ಕೊಳ್ಳುವ ಸಿರಿವಂತರ ಮನೆಗೆ ಸಲೀಸಾಗಿ ಹೋಗಿಬರುವ ಪಾಲನಾ ಗುರುಗಳ ಸಲುಗೆಯೂ ಬರುತ್ತದೆ.