ಇಂಜಿನ್ನಿನ ಜ್ವರ ನೋಡುವ ಬಗೆ: ಕೈಯಿಂದ ಮುಳ್ಳಿನವರೆಗೆ



ಮಗುವಿಗೆ ಮೈ ಬಿಸಿಯಾದರೆ ತಾಯಿ ಮೊದಲು ಹಣೆಯ ಮೇಲೆ ಕೈಯಿಡುತ್ತಾಳೆ. ಥರ್ಮಾಮೀಟರು ಆಮೇಲಿನ ಮಾತು. ಇಂಜಿನ್ನಿನ ಸಂಗತಿಯೂ ಹೀಗೇ ನಡೆದುಬಂದಿದೆ. ಹಳೆಯ ಡೀಸೆಲ್ ಟ್ರಾಕ್ಟರನ್ನೋ ಪಂಪ್‌ಸೆಟ್ಟನ್ನೋ ಇಟ್ಟುಕೊಂಡಿರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಅದರ ಕಾವು ತಿಳಿಸುವ ಸಾಧನ ಎಲ್ಲಿಂದ ಬಂತು, ನಿಮ್ಮಲ್ಲಿರುವುದು ಯಾವ ಜಾತಿಯದು, ಅದರ ಮಾತನ್ನು ಎಷ್ಟು ನಂಬಬಹುದು ಎಂಬುದನ್ನು ಈ ದಿನ ನೋಡೋಣ.

ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರು 1897ರಲ್ಲಿ ಜರ್ಮನಿಯ ಔಗ್ಸ್‌ಬುರ್ಗ್ ಊರಿನಲ್ಲಿ ತನ್ನ ಇಂಜಿನ್ನನ್ನು ಓಡಿಸಿ ತೋರಿಸಿದಾಗ, ಉರಿದ ಎಣ್ಣೆಯ ಶಕ್ತಿಯಲ್ಲಿ ಸುಮಾರು ಕಾಲುಭಾಗ ಕೆಲಸಕ್ಕೆ ಬಂತು. ಆ ಕಾಲದ ಉಗಿಯಂತ್ರಗಳ ಮುಂದೆ ಅದು ದೊಡ್ಡ ಸಾಧನೆಯೇ ಸರಿ. ಹಾಗಾದರೆ ಉಳಿದ ಮುಕ್ಕಾಲು ಏನಾಯಿತು? ಬಹುಪಾಲು ಕಾವಾಗಿ ಹೊಗೆಯ ಜೊತೆಗೂ ನೀರಿನ ಜೊತೆಗೂ ಹೋಯಿತು. ನೀರು ತನ್ನ ಪಾಲನ್ನು ಹೊತ್ತೊಯ್ಯದಿದ್ದರೆ ಕಬ್ಬಿಣ ಹಿಗ್ಗಿ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

1930ರ ಸುಮಾರಿಗೆ ಇಂಗ್ಲೆಂಡಿನ ಡರ್ಸ್ಲಿ ಊರಿನ ಲಿಸ್ಟರ್ ಕಂಪನಿ ನಿಮಿಷಕ್ಕೆ 600 ಸುತ್ತು ತಿರುಗುವ, 5 ಅಶ್ವಶಕ್ತಿಯ ಡೀಸೆಲ್ ಇಂಜಿನ್ನನ್ನು ತಂದಿತು. ಮುಂದೆ ಅದೇ ಮಾದರಿಯನ್ನು ಗುಜರಾತಿನ ರಾಜಕೋಟದ ಕಾರ್ಖಾನೆಗಳು ಮಾಡಿ ದೇಶಕ್ಕೆಲ್ಲ ಹಂಚಿದವು. ಎರಡು ದೊಡ್ಡ ಚಕ್ರ, ಡುಗು ಡುಗು ಸದ್ದು. ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತು. ಪಕ್ಕದಲ್ಲೊಂದು ನೀರಿನ ಡ್ರಮ್ಮು. ಬಿಸಿಯಾದ ನೀರು ತಾನೇ ಮೇಲೇರಿ ಡ್ರಮ್ಮಿಗೆ ಹೋಗುವುದು, ತಣಿದದ್ದು ಕೆಳಗಿನ ಕೊಳವೆಯಿಂದ ಇಂಜಿನ್ನಿಗೆ ಬರುವುದು. ಕಾವು ನೋಡುವ ಗಡಿಯಾರ ಅದರಲ್ಲಿರಲಿಲ್ಲ. ಮೇಲಿನ ಕೊಳವೆಯ ಮೇಲೆ ಕೈಯಿಟ್ಟು ನೋಡಬೇಕು, ಅಷ್ಟೆ. ಎಷ್ಟೋ ಕಡೆ ಡ್ರಮ್ಮೂ ಇಲ್ಲದೆ, ಬಾವಿಯಿಂದ ಎತ್ತಿದ ನೀರನ್ನೇ ಒಂದು ಪಾಲು ಇಂಜಿನ್ನಿನ ಮೈಯೊಳಗೆ ಹಾಯಿಸಿದರು. ನೀರು ತಣ್ಣಗೆ ಹೊರಬಂದಷ್ಟೂ ಒಳ್ಳೆಯದೆಂದು ತಿಳಿದರು, ಅದು ತಪ್ಪು. ಚಳಿ ಹಿಡಿದ ಇಂಜಿನ್ನು ಎಣ್ಣೆ ಹೆಚ್ಚು ಕುಡಿಯುತ್ತದೆ, ಲೈನರೂ ಬೇಗ ಸವೆಯುತ್ತದೆ. ಹೊರಬರುವ ನೀರು ಚೆನ್ನಾಗಿ ಬಿಸಿಯಿರಬೇಕು, ಕುದಿಯಬಾರದು.

ಕೈಯ ಬದಲು ಕಣ್ಣಿನಿಂದ ಕಾವು ನೋಡುವ ಉಪಾಯ ಮೊದಲು ಕಾರುಗಳಿಗೆ ಬಂತು. 1910ರ ದಶಕದಲ್ಲಿ ಅಮೆರಿಕದ ಬಾಯ್ಸ್ ಎಂಬಾತನ ಹೆಸರಿನ ಥರ್ಮಾಮೀಟರನ್ನು ರೇಡಿಯೇಟರಿನ ಮುಚ್ಚಳದ ಮೇಲೆಯೇ ನಿಲ್ಲಿಸುತ್ತಿದ್ದರು. ಓಡಿಸುವವನು ಕೂತಲ್ಲಿಂದಲೇ ನೋಡಬಹುದು. ಆದರೆ ಅದು ತೋರಿಸುತ್ತಿದ್ದುದು ನೀರಿನ ಮೇಲಿನ ಹಬೆಯ ಕಾವನ್ನು.

ಆಮೇಲೆ ಬಂದದ್ದು ತಾಮ್ರದ ನಳಿಗೆಯ ಮಾಪಕ. ಇದರ ಬೇರು ಇನ್ನೂ ಹಳೆಯದು. 1849ರಲ್ಲಿ ಪ್ಯಾರಿಸಿನ ಯೂಜಿನ್ ಬೂರ್ಡನ್ ಎಂಬಾತ ಬಾಗಿದ ಚಪ್ಪಟೆ ಕೊಳವೆಯೊಂದರಿಂದ ಉಗಿಯ ಒತ್ತಡ ಅಳೆಯುವ ಮಾಪಕ ಮಾಡಿದ. ಜಾತ್ರೆಯಲ್ಲಿ ಮಕ್ಕಳು ಊದುವ ಪೀಪಿ ನೋಡಿದ್ದೀರಲ್ಲ, ಊದಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ, ಅದೇ ಕ್ರಮ. ಇಂಜಿನ್ನಿನ ನೀರಿನಲ್ಲಿ ಮುಳುಗಿರುವ ಚಿಕ್ಕ ಗುಂಡಿನೊಳಗೆ ಈಥರಿನಂಥ, ಬೇಗ ಹಬೆಯಾಗುವ ದ್ರವ ಇರುತ್ತದೆ. ಕಾವೇರಿದಂತೆ ಹಬೆಯ ಒತ್ತಡ ಕೂದಲೆಳೆಯಂಥ ನಳಿಗೆಯಲ್ಲಿ ಸಾಗಿ ಆ ಬಾಗಿದ ಕೊಳವೆಯನ್ನು ಬಿಚ್ಚುತ್ತದೆ, ಮುಳ್ಳು ಮೇಲೇಳುತ್ತದೆ. ಬ್ಯಾಟರಿಯ ಹಂಗಿಲ್ಲ. ನಳಿಗೆ ಮುರಿದರೆ ಅಥವಾ ಮಡಿಚಿಕೊಂಡರೆ ಮಾತ್ರ ಮುಗಿಯಿತು. ಹಳ್ಳಿಯಲ್ಲಿ ಬೆಸುಗೆ ಹಾಕಿ ಸರಿಮಾಡುವ ವಸ್ತು ಅದಲ್ಲ.

ಮೂರನೆಯದು ವಿದ್ಯುತ್ತಿನದು, ಈಗ ಮೇಸ್ತ್ರಿಗಳು ಸೆನ್ಸರ್ ಎನ್ನುವುದು ಇದನ್ನೇ. ಲೋಹಗಳು ಬಿಸಿಯಾದರೆ ವಿದ್ಯುತ್ತಿಗೆ ಅಡ್ಡಿ ಹೆಚ್ಚು. ಬೆಳ್ಳಿಯ ಸಲ್ಫೈಡಿನಲ್ಲಿ ಅದು ತಿರುವುಮುರುವು ಎಂದು ಮೈಕೆಲ್ ಫ್ಯಾರಡೆ 1833ರಲ್ಲೇ ಕಂಡಿದ್ದ. ಸುಮಾರು ನೂರು ವರ್ಷ ಕಳೆದು, 1930ರಲ್ಲಿ, ಅಮೆರಿಕದ ಸ್ಯಾಮುಯೆಲ್ ರೂಬೆನ್ ಅದೇ ಗುಣದಿಂದ ಬಳಕೆಯ ವಸ್ತು ಮಾಡಿದ. ನಿಮ್ಮ ಇಂಜಿನ್ನಿನ ಹಿತ್ತಾಳೆ ಬಿರಡೆಯೊಳಗೆ ಇರುವುದು ಇಂಥದೇ ಒಂದು ಬಿಲ್ಲೆ.

ಗುರುತಿಸುವುದು ಕಷ್ಟವಲ್ಲ. ಸಿಲಿಂಡರ್ ಹೆಡ್ಡಿನಲ್ಲಿ, ಥರ್ಮೋಸ್ಟಾಟ್ ಗೂಡಿನ ಹತ್ತಿರ, ನೀರು ಹರಿಯುವ ಕಡೆ ನೋಡಿ. ಬಿರಡೆಯಿಂದ ತಾಮ್ರದ ನಳಿಗೆ ಹೊರಟು ಸೀದಾ ಡ್ಯಾಶ್‌ಬೋರ್ಡಿಗೆ ಹೋಗಿದ್ದರೆ ಈಥರಿನದು. ಒಂದೇ ವೈರಿದ್ದರೆ ವಿದ್ಯುತ್ತಿನದು. ಬ್ಲಾಕಿನ ಪಕ್ಕದಲ್ಲಿ, ಆಯಿಲ್ ಹರಿಯುವ ಕಡೆ ಇರುವ ಬಿರಡೆ ಆಯಿಲಿನ ಒತ್ತಡದ್ದು. ಇವೆರಡನ್ನೂ ಅದಲುಬದಲು ಮಾಡಿದವರನ್ನು ನಾನು ಕಂಡಿದ್ದೇನೆ.

ಈಗ ನನ್ನ ತಪ್ಪೊಂದನ್ನು ಹೇಳಬೇಕು. ರಾಗಿ ಬಿತ್ತನೆಯ ಹದದಲ್ಲಿ ನಮ್ಮ ಸೋದರಮಾವನ ಹಳೆಯ ಟ್ರಾಕ್ಟರಿನ ಜೊತೆ ಹೊಲದಲ್ಲಿದ್ದೆ. "ಏನೋ ಸುಟ್ಟ ವಾಸ್ನೆ ಬರ್ತೈತಲ್ಲೋ" ಅಂದರು ಮಾವ. ನಾನು ಮುಳ್ಳು ನೋಡಿ, "ಹಸಿರಲ್ಲೇ ಐತೆ ಮಾವ, ಇನ್ನೆರಡು ಸಾಲು ಹೊಡೀರಿ" ಅಂದೆ. ಕೆಳಗಿನ ರಬ್ಬರ್ ಕೊಳವೆ ಬಿರಿದು ರೇಡಿಯೇಟರಿನ ನೀರೆಲ್ಲ ಸೋರಿಹೋಗಿತ್ತು. ಹೆಡ್ಡು ಸೀಳಿತು. ಬೇರೆ ಹೆಡ್ಡು ಹಾಕಿಸುವಷ್ಟರಲ್ಲಿ ಹದ ಹೋಯಿತು, ಆ ವರ್ಷದ ರಾಗಿಯೂ ಹೋಯಿತು. ಮುಳ್ಳೇನೂ ಸುಳ್ಳು ಹೇಳಿರಲಿಲ್ಲ. ಅದು ಹೇಳುವುದು ಬಿರಡೆಯನ್ನು ಮುಟ್ಟಿಕೊಂಡಿರುವ ನೀರಿನ ಕಾವನ್ನು. ನೀರೇ ಇಲ್ಲದೆ ಬಿರಡೆ ಬರಿಯ ಗಾಳಿಯಲ್ಲಿ ನಿಂತಿದ್ದಾಗ ಪಕ್ಕದ ಕಬ್ಬಿಣ ಸುಡುತ್ತಿದ್ದರೂ ಅದಕ್ಕೆ ತಿಳಿಯಲಿಲ್ಲ. ಮಾವನ ಮೂಗಿಗೆ ತಿಳಿದಿತ್ತು. ಆದ್ದರಿಂದ ಮುಂಜಾನೆ ಇಂಜಿನ್ನು ತಣ್ಣಗಿರುವಾಗಲೇ ಮುಚ್ಚಳ ತೆಗೆದು ನೀರು ನೋಡಿಕೊಳ್ಳಿ. ಬಿಸಿಯಿರುವಾಗ ತೆಗೆದರೆ ಮುಖ ಸುಡುತ್ತದೆ. ಮುಚ್ಚಳದ ರಬ್ಬರೂ ಗಟ್ಟಿಯಿರಬೇಕು. ಬೆಂಗಳೂರಿನಷ್ಟು ಎತ್ತರದ ಊರಲ್ಲಿ ತೆರೆದ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಒತ್ತಡ ಹಿಡಿದರೆ ಮಾತ್ರ ಕುದಿ ತಡವಾಗುತ್ತದೆ.

ಮುಳ್ಳಿನ ಮೇಲೆ ಅನುಮಾನ ಬಂದರೆ ಪರೀಕ್ಷೆ ಹೀಗೆ. ಈಥರಿನ ಜಾತಿಯಾದರೆ, ಇಂಜಿನ್ನು ತಣಿದ ಮೇಲೆ ಸ್ವಲ್ಪ ನೀರು ಇಳಿಸಿ ಗುಂಡನ್ನು ಬಿಚ್ಚಿ, ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ. ಮುಳ್ಳು ಏಳದಿದ್ದರೆ ಮಾಪಕವೇ ಹೋಗಿದೆ. ವಿದ್ಯುತ್ತಿನದಾದರೆ, ಕೀಲಿ ತಿರುಗಿಸಿ ಬಿರಡೆಯ ವೈರನ್ನು ಕಳಚಿ, ಒಂದು ಕ್ಷಣ ಮಾತ್ರ ಇಂಜಿನ್ನಿನ ಬರಿಮೈಗೆ ಮುಟ್ಟಿಸಿ. ಹಳೆಯ ಟ್ರಾಕ್ಟರುಗಳಲ್ಲಿ ಬಹುಮಟ್ಟಿಗೆ ಮುಳ್ಳು ಬಿಸಿಯ ಕಡೆಗೆ ಓಡುತ್ತದೆ. ಓಡಿದರೆ ಮಾಪಕವೂ ವೈರೂ ಸರಿ, ಬಿರಡೆಯ ಮೇಲೆ ಅನುಮಾನ. ಹೊಸ ಬಿರಡೆ ತಿರುಪುವಾಗ ಟೇಪನ್ನು ದಪ್ಪಗೆ ಸುತ್ತಬೇಡಿ. ಒಂದೇ ವೈರಿನ ಬಿರಡೆಗೆ ಆ ತಿರುಪೇ ಅರ್ಥಿಂಗು. ಅಂಗಡಿಗೆ ಹೋಗುವಾಗ ಹಳೆಯದನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ. ತಿರುಪಿನ ಅಳತೆ ಒಂದೇ ಇದ್ದರೂ ನಿಮ್ಮ ಮಾಪಕಕ್ಕೆ ಹೊಂದದ ಬಿರಡೆ ಹಾಕಿದರೆ ಮುಳ್ಳು ಬೇರೆಯೇ ಲೆಕ್ಕ ಹೇಳೀತು.