ಸಂತೋಷವೂ ಒಂದು ವ್ರತ: ಸಂತ ಫಿಲಿಪ್ ನೇರಿಯವರಿಂದ ಸಂತ ಜೋಸೆಫ್ ವಾಜ್‌ರವರೆಗೆ



ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಾವು ಮೊದಲು ದೇವಾಲಯದ ಹಳೆಯ ದಾಖಲೆ ಪುಸ್ತಕಗಳನ್ನು ಕಪಾಟಿನಿಂದ ಹೊರತೆಗೆದೆವು. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ, ಲೆಕ್ಕದ ಪುಸ್ತಕ. ಒಂದೇ ಮನೆಯ ಹೆಸರು ಒಂದೇ ವಾರದಲ್ಲಿ ಮರಣದ ಪುಸ್ತಕದಲ್ಲಿ ಎರಡು ಸಲ ಬಂದಿರುವುದನ್ನು ಕಂಡೆವು. ಮರುವರ್ಷ ಅದೇ ಮನೆಯವರು ಹಸುಗೂಸನ್ನೆತ್ತಿಕೊಂಡು ಜ್ಞಾನಸ್ನಾನದ ತೊಟ್ಟಿಯ ಬಳಿಗೆ ಬಂದಿರುವುದನ್ನೂ ಕಂಡೆವು. ಯಾರು ಎಷ್ಟು ದಾನವಿತ್ತರು, ಯಾವ ಸ್ವಾಮಿಗಳ ಕಾಲದಲ್ಲಿ ಮಾಡಿಗೆ ಹೆಂಚು ಹೊದಿಸಲಾಯಿತು ಎಂಬುದಕ್ಕೆಲ್ಲ ಲೆಕ್ಕವಿದೆ. ಆದರೆ ಅಷ್ಟೊಂದು ದುಃಖವನ್ನುಂಡ ಆ ಹಿರಿಯರು ಮತ್ತೆ ಹೇಗೆ ಹಬ್ಬ ಮಾಡಿದರು, ಯಾವ ಬಲದಿಂದ ಮತ್ತೆ ಹಾಡಿದರು ಎಂಬುದನ್ನು ಬರೆದಿಡಲು ಯಾವ ಪುಸ್ತಕದಲ್ಲಿಯೂ ಒಂದು ಅಂಕಣವಿಲ್ಲ.

ದಾಖಲೆಗೆ ಸಿಕ್ಕದ ಆ ಸಂತೋಷದ ಕುರಿತೇ ಬರೆಯಬೇಕೆಂದು ಆಗ ನಮಗನ್ನಿಸಿತು. ಸಂತೋಷವು ಒಳ್ಳೆಯ ದಿನಗಳೊಂದಿಗೆ ತಾನಾಗಿ ಬಂದು ಕೆಟ್ಟ ದಿನಗಳೊಂದಿಗೆ ಹೊರಟುಹೋಗುವ ಅತಿಥಿಯೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಧರ್ಮಸಭೆಯ ಚರಿತ್ರೆ ಬೇರೊಂದು ಪಾಠವನ್ನು ಹೇಳುತ್ತದೆ. ಉಪವಾಸದಂತೆ, ಜಪದಂತೆ, ಸಂತೋಷವೂ ನಾವು ದಿನವೂ ಬೆಳಿಗ್ಗೆ ಎದ್ದು ಕೈಗೊಳ್ಳಬೇಕಾದ ವ್ರತವಾಗಿದೆ.

ಸೆರೆಮನೆಯಿಂದ ಬಂದ ಆಜ್ಞೆ

ಪ್ರೇಷಿತ ಪೌಲರು ಫಿಲಿಪ್ಪಿಯ ಸಭೆಗೆ ಪತ್ರ ಬರೆದಾಗ ಸಂಕೋಲೆಯಲ್ಲಿದ್ದರು. ತಮಗೆ ಕಾದಿರುವುದು ಬಿಡುಗಡೆಯೋ ಮರಣವೋ ಎಂಬುದು ಅವರಿಗೆ ತಿಳಿದಿರಲಿಲ್ಲ. ಹಿಂದೊಮ್ಮೆ ಅದೇ ಫಿಲಿಪ್ಪಿ ಪಟ್ಟಣದಲ್ಲಿ ಅವರೂ ಸೀಲರೂ ಛಡಿಯೇಟು ತಿಂದು, ಕಾಲಿಗೆ ಕೋಳ ಬಿಗಿಸಿಕೊಂಡು, ನಡುರಾತ್ರಿಯಲ್ಲಿ ದೇವರ ಸ್ತುತಿಗೀತೆಗಳನ್ನು ಹಾಡಿದ್ದರು. ಅಂಥವರು ಆ ಪತ್ರದಲ್ಲಿ ಪ್ರಭುವಿನಲ್ಲಿ ಸಂತೋಷಪಡಿರೆಂದು ಬರೆದು, ಅದು ಸಾಲದೆಂಬಂತೆ ಮರುಕ್ಷಣವೇ ಅದೇ ಮಾತನ್ನು ಮತ್ತೊಮ್ಮೆ ಹೇಳುತ್ತಾರೆ. ಆ ಮಾತು ಆಜ್ಞೆಯ ರೂಪದಲ್ಲಿದೆ ಎಂಬುದನ್ನು ನಾವು ಗಮನಿಸಬೇಕು. ತಾನಾಗಿ ಬಂದು ಹೋಗುವ ಭಾವವನ್ನು ಯಾರೂ ಆಜ್ಞಾಪಿಸಲಾರರು. ಮನುಷ್ಯನು ತನ್ನ ಇಚ್ಛೆಯಿಂದ ಆರಿಸಿಕೊಳ್ಳಬಲ್ಲದ್ದನ್ನು ಮಾತ್ರ ಆಜ್ಞಾಪಿಸಬಹುದು. ತಪಸ್ಸು ಕಾಲದ ನಾಲ್ಕನೆಯ ಭಾನುವಾರದಂದೂ ಆಗಮನ ಕಾಲದ ಮೂರನೆಯ ಭಾನುವಾರದಂದೂ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರವನ್ನು ಧರಿಸಬಹುದೆಂಬ ಪದ್ಧತಿಯಲ್ಲಿಯೂ ಇದೇ ಉಪದೇಶವಿದೆ. ಹಬ್ಬ ಬರುವ ಮೊದಲೇ, ತಪಸ್ಸಿನ ನಡುವೆಯೇ, ಮಾತೆಯಾದ ಧರ್ಮಸಭೆ ತನ್ನ ಮಕ್ಕಳಿಗೆ ಸಂತೋಷವನ್ನು ವಿಧಿಸುತ್ತಾಳೆ.

ಈ ಆಜ್ಞೆಯನ್ನು ಇಡೀ ಬಾಳಿನುದ್ದಕ್ಕೂ ಪಾಲಿಸಿ ತೋರಿಸಿದವರಲ್ಲಿ ಸಂತ ಫಿಲಿಪ್ ನೇರಿಯವರು ಅಗ್ರಗಣ್ಯರು.

ಸೂರೆಗೊಂಡ ನಗರದಲ್ಲಿ

ಫಿಲಿಪ್ಪರು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ 1515ರ ಜುಲೈ ತಿಂಗಳಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಸುಮಾರು 18ನೆಯ ವಯಸ್ಸಿನಲ್ಲಿ ಅವರನ್ನು ವ್ಯಾಪಾರ ಕಲಿಯಲೆಂದು ಮೊಂತೆ ಕಸ್ಸಿನೋ ಬೆಟ್ಟದ ಬುಡದಲ್ಲಿದ್ದ ಬಂಧುವೊಬ್ಬರ ಮನೆಗೆ ಕಳುಹಿಸಲಾಯಿತು. ಆ ಆಸ್ತಿಯೆಲ್ಲ ಮುಂದೆ ಅವರಿಗೇ ಸೇರುವುದರಲ್ಲಿತ್ತು. ಅದನ್ನು ಬಿಟ್ಟು, ಸುಮಾರು 1533ರಲ್ಲಿ, ಬರಿಗೈಯಲ್ಲಿ ರೋಮ್ ನಗರಕ್ಕೆ ನಡೆದರು.

ಆಗಿನ ರೋಮ್ ಸಂತೋಷಕ್ಕೆ ತಕ್ಕ ಸ್ಥಳವಾಗಿರಲಿಲ್ಲ. 1527ರ ಮೇ ತಿಂಗಳಿನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನಿಕರು, ಸಂಬಳ ದೊರೆಯದೆ ದಂಗೆಯೆದ್ದು, ನಗರದೊಳಗೆ ನುಗ್ಗಿ ಕೊಲೆ ಸುಲಿಗೆಗಳನ್ನು ನಡೆಸಿದ್ದರು. ದೇವಾಲಯಗಳೂ ಉಳಿದಿರಲಿಲ್ಲ. ಅತ್ತ ಯೂರೋಪಿನ ಕ್ರೈಸ್ತಲೋಕ ಎರಡಾಗಿ ಒಡೆಯುತ್ತಿತ್ತು. ಇತ್ತ ರೋಮಿನಲ್ಲಿಯೇ ಗುರುವರ್ಗದ ಶಿಸ್ತು ಸಡಿಲಗೊಂಡು, ಭಕ್ತಿ ತಣ್ಣಗಾಗಿತ್ತು. ಇಂಥ ನಗರದಲ್ಲಿ ಫಿಲಿಪ್ಪರು ಸುಂಕದ ಅಧಿಕಾರಿಯೊಬ್ಬನ ಮನೆಯ ಅಟ್ಟದ ಕೋಣೆಯಲ್ಲಿ ನೆಲೆಸಿ, ಅವನ ಇಬ್ಬರು ಗಂಡುಮಕ್ಕಳಿಗೆ ಪಾಠ ಹೇಳುತ್ತ, ರೊಟ್ಟಿ, ಆಲಿವ್ ಕಾಯಿಗಳಿಂದ ಹಸಿವನ್ನು ತಣಿಸಿಕೊಳ್ಳುತ್ತ ವರುಷಗಳನ್ನು ಕಳೆದರು. ರಾತ್ರಿಯ ವೇಳೆ ಸಂತ ಸೆಬಾಸ್ಟಿಯನ್ನರ ಸಮಾಧಿಗುಹೆಗಳಿಗೆ ಹೋಗಿ, ಆದಿಕ್ರೈಸ್ತರ ಗೋರಿಗಳ ನಡುವೆ ಪ್ರಾರ್ಥಿಸುತ್ತಿದ್ದರು. 1544ರ ಪೆಂತೆಕೋಸ್ತ್ ಹಬ್ಬದ ಸಮಯದಲ್ಲಿ ಅಲ್ಲಿಯೇ ಪವಿತ್ರಾತ್ಮರ ಪ್ರೀತಿಯು ಬೆಂಕಿಯಂತೆ ತಮ್ಮ ಹೃದಯವನ್ನು ಹೊಕ್ಕ ಅನುಭವ ಅವರಿಗಾಯಿತು.

ಹಗಲಿನಲ್ಲಿ ಅವರು ಅಂಗಡಿ ಬೀದಿಗಳಲ್ಲಿ ನಿಂತು, ಕೆಲಸದ ಯುವಕರೊಡನೆ ಹಾಸ್ಯ ಮಾಡುತ್ತ, ಒಳ್ಳೆಯದನ್ನು ಮಾಡಲು ಯಾವಾಗ ಆರಂಭಿಸೋಣವೆಂದು ಕೇಳುತ್ತಿದ್ದರು. ಬಂದವರನ್ನು ಆಸ್ಪತ್ರೆಯ ರೋಗಿಗಳ ಬಳಿಗೆ ಕರೆದೊಯ್ಯುತ್ತಿದ್ದರು. 1548ರಲ್ಲಿ ತಮ್ಮ ಪಾಪನಿವೇದನೆಯ ಗುರುಗಳೊಡನೆ ಸೇರಿ ಪರಮ ತ್ರಿತ್ವದ ಹೆಸರಿನ ಸಹೋದರ ಸಂಘವೊಂದನ್ನು ಸ್ಥಾಪಿಸಿದರು. 1550ರ ಜುಬಿಲಿ ವರ್ಷದಲ್ಲಿ ಬಡ ಯಾತ್ರಿಕರ ಕಾಲು ತೊಳೆದು ಅನ್ನವಿಟ್ಟು ಸತ್ಕರಿಸಿದವರು ಈ ಸಂಘದವರೇ. 1551ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಫಿಲಿಪ್ಪರು ಗುರುದೀಕ್ಷೆ ಪಡೆದರು.

ನಡಿಗೆ, ಹಾಡು, ಊಟ

ಫಿಲಿಪ್ಪರ ಸಂತೋಷವು ಬರಿಯ ನಗುಮುಖವಾಗಿರಲಿಲ್ಲ; ಅದಕ್ಕೊಂದು ದಿನಚರಿಯಿತ್ತು. ಮಧ್ಯಾಹ್ನದ ಹೊತ್ತು ಅವರ ಕೋಣೆಯಲ್ಲಿ ಪ್ರಾರ್ಥನೆ, ಪಠಣ, ಸಲಿಗೆಯ ಸಂಭಾಷಣೆಗಳು ನಡೆಯುತ್ತಿದ್ದವು. ಕೋಣೆ ಸಾಲದಾದಾಗ ಮೇಲಿನ ಅಂಕಣಕ್ಕೆ ಜಾಗ ಬದಲಾಯಿತು. ಪ್ರಾರ್ಥನಾಲಯವೆಂಬ ಅರ್ಥದ ಓರಟರಿ ಎಂಬ ಹೆಸರು ಆ ಸಭೆಗೆ ಬಂದುದು ಹೀಗೆ. ಅಲ್ಲಿ ಜನರಾಡುವ ಇಟಾಲಿಯನ್ ಭಾಷೆಯಲ್ಲಿಯೇ ಭಕ್ತಿಗೀತೆಗಳನ್ನು ಹಾಡುತ್ತಿದ್ದರು. ಸಂಗೀತಗಾರ ಜೊವಾನ್ನಿ ಅನಿಮುಚ್ಚಿಯಾ ಅದಕ್ಕಾಗಿಯೇ ಗೀತೆಗಳನ್ನು ರಚಿಸಿ, 1563ರಲ್ಲಿ ಮೊದಲ ಸಂಪುಟವನ್ನು ಪ್ರಕಟಿಸಿದನು. ಪಾಶ್ಚಾತ್ಯ ಸಂಗೀತದ ಓರಟೋರಿಯೋ ಎಂಬ ಪ್ರಕಾರದ ಹೆಸರು ಹುಟ್ಟಿದುದು ಆ ಅಂಕಣದಲ್ಲಿ.

ಕಾರ್ನಿವಲ್ ದಿನಗಳಲ್ಲಿ ನಗರವೆಲ್ಲ ಕುಡಿತ ಕೋಲಾಹಲಗಳಲ್ಲಿ ಮುಳುಗಿದಾಗ, ಫಿಲಿಪ್ಪರು ಬೈಗುಳದ ಪ್ರಬೋಧನೆ ಮಾಡಲಿಲ್ಲ. ಜನರನ್ನು ಕರೆದುಕೊಂಡು ರೋಮಿನ ಏಳು ಮಹಾದೇವಾಲಯಗಳ ಯಾತ್ರೆಗೆ ಹೊರಟರು. ಸುಮಾರು 20 ಕಿಲೋಮೀಟರ್ ನಡಿಗೆ. ದಾರಿಯಲ್ಲಿ ಹಾಡು, ಬಲಿಪೂಜೆ. ಆಮೇಲೆ ತೋಟವೊಂದರ ಹುಲ್ಲಿನ ಮೇಲೆ ಕುಳಿತು ರೊಟ್ಟಿ, ಮೊಟ್ಟೆ, ಹಣ್ಣುಗಳ ಊಟ. ಕೆಲವೇ ಮಂದಿಯಿಂದ ಆರಂಭವಾದ ಈ ಯಾತ್ರೆಗೆ ಕ್ರಮೇಣ ಸಾವಿರಾರು ಜನ ಸೇರಿದರು. ಕೆಟ್ಟ ಸಂತೋಷವನ್ನು ಓಡಿಸಲು ಒಳ್ಳೆಯ ಸಂತೋಷವೇ ಬೇಕೆಂಬುದು ಅವರಿಗೆ ತಿಳಿದಿತ್ತು.

ಅವರ ಶಿಷ್ಯರಲ್ಲಿ ಚೆಸಾರೆ ಬರೋನಿಯೋ ಎಂಬ ಗಂಭೀರ ಸ್ವಭಾವದ ಯುವಕನಿದ್ದನು. ಮಾತನಾಡಲು ನಿಂತರೆ ಮರಣ, ತೀರ್ಪು, ನರಕಗಳ ವಿಷಯವೇ. ಫಿಲಿಪ್ಪರು ಅವನಿಗೆ ಅದನ್ನು ಬಿಟ್ಟು ಧರ್ಮಸಭೆಯ ಚರಿತ್ರೆಯನ್ನು ಹೇಳಬೇಕೆಂದು ಅಪ್ಪಣೆ ಮಾಡಿದರು. ಒಮ್ಮೆ ಮುಗಿದರೆ ಮತ್ತೆ ಮೊದಲಿನಿಂದ. ಜೊತೆಗೆ ಅಡಿಗೆಮನೆಯ ಕೆಲಸ. ಬರೋನಿಯೋ ಖಾಯಂ ಅಡಿಗೆಯವನೆಂದು ಆತನು ಒಲೆಗೂಡಿನ ಮೇಲೆ ವಿನೋದವಾಗಿ ಬರೆದಿಟ್ಟನಂತೆ. ಆ ಉಪನ್ಯಾಸಗಳ ಫಲವಾಗಿ 1588ರಿಂದ 1607ರವರೆಗೆ 12 ಬೃಹತ್ ಸಂಪುಟಗಳ ಧರ್ಮಸಭಾ ಚರಿತ್ರೆ ಪ್ರಕಟವಾಯಿತು. ಅಡಿಗೆಯವನು ಕಾರ್ಡಿನಲ್ ಆದನು.

ಬರೋನಿಯೋನ ಕಥೆಯನ್ನು ಓದುವಾಗ ನಮಗೆ ನಮ್ಮದೇ ನೆನಪಾಗುತ್ತದೆ. ಗುರುದೀಕ್ಷೆಯಾದ ಮೊದಲ ವರುಷಗಳಲ್ಲಿ ಬಿಗಿದ ಮುಖವೇ ಭಕ್ತಿಯ ಲಕ್ಷಣವೆಂದು ನಾವು ನಂಬಿದ್ದೆವು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ವೃದ್ಧೆಯೊಬ್ಬರು ಹತ್ತಿರ ಬಂದು, "ಸ್ವಾಮಿ, ನೀವು ಪೂಜೆ ಮಾಡುವಾಗ ಸಾವಿನ ಮನೆಗೆ ಬಂದವರ ಹಾಗೆ ಕಾಣುತ್ತೀರಿ. ಯೇಸುಸ್ವಾಮಿ ಎದ್ದು ಬಂದದ್ದು ನಿಮಗೆ ಇನ್ನೂ ಯಾರೂ ಹೇಳಲಿಲ್ಲವೇ?" ಎಂದು ಕೇಳಿದರು. ಆ ದಿನ ನಮಗೆ ಸಿಟ್ಟು ಬಂದಿತ್ತು. ಗುರುಮಠದಲ್ಲಿ ಕಲಿಯದೆ ಉಳಿದಿದ್ದ ಪಾಠವನ್ನು ಆ ತಾಯಿ ಹೇಳಿದರೆಂದು ಅರಿಯಲು ನಮಗೆ ಬಹಳ ವರುಷಗಳು ಹಿಡಿದವು.

ಅವಮಾನದ ನಡುವೆ

ಫಿಲಿಪ್ಪರ ಹರ್ಷಕ್ಕೆ ಬೆಲೆ ತೆರಬೇಕಾಯಿತು. ಅವರು ವಾಸವಾಗಿದ್ದ ದೇವಾಲಯದ ಪೂಜಾವಸ್ತ್ರಗಳ ಕೋಣೆಯಲ್ಲಿದ್ದ ಕೆಲವರು ಅವರನ್ನು ಕಂಡರಾಗದೆ, ಬೇಕೆಂದೇ ಹರಕು ವಸ್ತ್ರಗಳನ್ನು ಕೊಡುವುದು, ಪೂಜಾಗ್ರಂಥವನ್ನು ಅಡಗಿಸಿಡುವುದು, ಬಾಗಿಲು ಮುಚ್ಚುವುದು ಮುಂತಾಗಿ ಬಹುಕಾಲ ಕಾಡಿದರು. ಫಿಲಿಪ್ಪರು ಮರುಮಾತಾಡದೆ ಅವರಿಗಾಗಿ ಪ್ರಾರ್ಥಿಸಿದರು. ಕೊನೆಗೆ ಕಾಡಿದವರೇ ಬಂದು ಕ್ಷಮೆ ಬೇಡಿದರು. 1559ರ ಸುಮಾರಿಗೆ, ಜನರನ್ನು ಗುಂಪುಕಟ್ಟಿಸಿಕೊಂಡು ಹೊಸ ಪಂಥ ಹುಟ್ಟಿಸುತ್ತಿದ್ದಾರೆಂಬ ದೂರಿನ ಮೇಲೆ ಮೇಲಧಿಕಾರಿಗಳು ಅವರನ್ನು ಛೀಮಾರಿ ಹಾಕಿ, ಕೆಲವು ದಿನ ಪಾಪನಿವೇದನೆ ಕೇಳದಂತೆ ನಿಷೇಧಿಸಿದರು. ಅವರು ವಿಧೇಯರಾದರು, ಕಹಿಯಾಗಲಿಲ್ಲ.

ಜನರು ತಮ್ಮನ್ನು ಸಂತರೆಂದು ಹೊಗಳತೊಡಗಿದಾಗ ಅರ್ಧ ಗಡ್ಡವನ್ನು ಬೋಳಿಸಿಕೊಂಡು ಬೀದಿಗಿಳಿದರು. ಗಣ್ಯರು ದರ್ಶನಕ್ಕೆ ಬಂದರೆ ನಗೆಹನಿಗಳ ಪುಸ್ತಕವನ್ನು ಓದಿಸುತ್ತಿದ್ದರು. ಏಕಾಂತದ ಪ್ರಾರ್ಥನೆಯಲ್ಲಿ ಮಾತ್ರ ಅವರ ಕಣ್ಣೀರು ನಿಲ್ಲುತ್ತಿರಲಿಲ್ಲ. ಲೋಕದ ಪಾಪಕ್ಕೆ ಅಳಬಲ್ಲವರು ತಮ್ಮ ಬಗ್ಗೆ ನಗಬಲ್ಲರೆಂಬುದಕ್ಕೆ ಅವರ ಬಾಳೇ ಸಾಕ್ಷಿ. 1575ರ ಜುಬಿಲಿ ವರ್ಷದಲ್ಲಿ ಜಗದ್ಗುರು ಹದಿಮೂರನೆಯ ಗ್ರೆಗೊರಿಯವರು ಓರಟರಿ ಸಭೆಗೆ ಮಾನ್ಯತೆಯಿತ್ತರು. 1595ರ ಪರಮ ಪ್ರಸಾದದ ಮಹೋತ್ಸವದಂದು ಎಂದಿನಂತೆ ಬಲಿಪೂಜೆ ಅರ್ಪಿಸಿ, ಪಾಪನಿವೇದನೆಗಳನ್ನು ಕೇಳಿ, ಅದೇ ರಾತ್ರಿ ಕಳೆದು ಮೇ 26 ಹುಟ್ಟುವ ಹೊತ್ತಿಗೆ ಅವರು ಪ್ರಭುವಿನ ಸನ್ನಿಧಿಯನ್ನು ಸೇರಿದರು.

ನಮ್ಮ ನಾಡಿಗೆ ಬಂದ ದಾರಿ

ಈ ರೋಮಿನ ಸಂತರಿಗೂ ನಮಗೂ ಏನು ನಂಟು ಎಂದು ಕೇಳುವವರಿಗೆ ಒಂದು ಸಂಗತಿ. ಸುಮಾರು 1557ರಲ್ಲಿ, ಭಾರತದಿಂದ ಬರುತ್ತಿದ್ದ ಧರ್ಮಪ್ರಚಾರಕರ ಪತ್ರಗಳನ್ನು ಓದಿ, ಫಿಲಿಪ್ಪರು ಸಂಗಡಿಗರೊಡನೆ ಭಾರತಕ್ಕೆ ಹೊರಡಲು ಹಂಬಲಿಸಿದರು. ತಾವು ಪೂಜ್ಯಭಾವದಿಂದ ಕಾಣುತ್ತಿದ್ದ ಮಠವಾಸಿಯೊಬ್ಬರ ಸಲಹೆ ಕೇಳಿದಾಗ, ರೋಮ್ ನಗರವೇ ನಿಮಗೆ ಭಾರತವೆಂಬ ಉತ್ತರ ಬಂದಿತು. ಆಸೆಯನ್ನು ಅಲ್ಲಿಗೇ ಒಪ್ಪಿಸಿ, ಇದ್ದ ಊರಿನಲ್ಲಿಯೇ ಸಂತೋಷವಾಗಿ ದುಡಿದರು. 1622ರ ಮಾರ್ಚ್ 12ರಂದು ಭಾರತಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರರನ್ನೂ ಬರಲಾಗದ ಫಿಲಿಪ್ಪರನ್ನೂ ಒಂದೇ ದಿನ ಸಂತರೆಂದು ಸಾರಲಾಯಿತು.

ಫಿಲಿಪ್ಪರು ಬರಲಿಲ್ಲ; ಅವರ ನಿಯಮ ಬಂದಿತು. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜರು 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಸಲ್ಲಿಸಿದರು. ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯವರ ಕಾಲ. ಪೋರ್ತುಗಾಲಿನ ದೊರೆಗಳ ಪೋಷಣಾಧಿಕಾರದ ಪರವಾಗಿದ್ದವರಿಗೂ ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷರ ಪರವಾಗಿದ್ದವರಿಗೂ ಜಗಳವೆದ್ದು ಕ್ರೈಸ್ತರು ಎರಡು ಪಕ್ಷವಾಗಿದ್ದಾಗ, ವಾಜರು ಸಮಾಧಾನದ ಮಾರ್ಗವನ್ನು ಹುಡುಕಿದರು. ಮಂಗಳೂರು, ಬಸ್ರೂರು, ಗಂಗೊಳ್ಳಿಗಳ ಕಡೆ ನಡೆದಾಡಿ ಭಕ್ತರನ್ನು ಸಂತೈಸಿದರು. ಆ ಕಾಲದಲ್ಲಿ ಯೂರೋಪಿನ ಸನ್ಯಾಸಿ ಸಭೆಗಳ ಬಾಗಿಲು ಭಾರತೀಯ ಗುರುಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಅದಕ್ಕಾಗಿ ಕೊರಗುತ್ತ ಕೂರದೆ, 1685ರಲ್ಲಿ ವಾಜರೂ ಅವರ ದೇಶೀಯ ಸಂಗಡಿಗರೂ ಗೋವೆಯಲ್ಲಿ ಫಿಲಿಪ್ಪರ ಓರಟರಿಯ ನಿಯಮವನ್ನು ಕೈಕೊಂಡರು.

ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ 1687ರಲ್ಲಿ ವಾಜರು ಕೂಲಿಯವನ ವೇಷದಲ್ಲಿ ಕಾಲಿಟ್ಟರು. ಕೊರಳಲ್ಲಿ ಜಪಸರ ತೊಟ್ಟು, ಅದನ್ನು ಕಂಡು ಕಣ್ಣರಳಿಸಿದವರಿಂದ ಚದುರಿದ ಕ್ರೈಸ್ತರನ್ನು ಗುರುತಿಸಿದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯದಿಂದ ಸೆರೆಯಾದಾಗ ಆ ಬಿಡುವಿನಲ್ಲಿ ಸಿಂಹಳ ಭಾಷೆಯನ್ನು ಕಲಿತರು. 1697ರಲ್ಲಿ ಸಿಡುಬು ಬಂದು ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ, ಅವರು ಉಳಿದು ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು. 1711ರ ಜನವರಿ 16ರಂದು ಅಲ್ಲಿಯೇ ಕಣ್ಮುಚ್ಚಿದರು. ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಕೊಲಂಬೋ ನಗರದಲ್ಲಿ ಅವರನ್ನು ಸಂತರೆಂದು ಸಾರಿದರು. ಫಿಲಿಪ್ಪರಲ್ಲಿ ನಗೆಯಾಗಿ ಹೊಮ್ಮಿದ ಸಂತೋಷವು ವಾಜರಲ್ಲಿ ಬಿಟ್ಟು ಓಡದ ಸೇವೆಯಾಗಿ ಕಾಣುತ್ತದೆ. ಬೇರು ಒಂದೇ.

ನಮ್ಮ ಪಾಲಿನ ವ್ರತ

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಂತೋಷವನ್ನು ಆರಿಸಿಕೊಳ್ಳುವುದೆಂದರೆ ದುಃಖವನ್ನು ಮರೆಮಾಡುವುದಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ, ಮನಸ್ಸಿನ ಕಾಯಿಲೆಯಿಂದ ಬಳಲುವ ಸಹೋದರನಿಗೆ ನಗು ಎಂದು ಉಪದೇಶಿಸುವುದು ನಿರ್ದಯೆ. ಅಂಥವರ ಪಕ್ಕದಲ್ಲಿ ಕುಳಿತುಕೊಳ್ಳುವುದು, ವೈದ್ಯರ ಬಳಿಗೆ ಜೊತೆಯಾಗಿ ಹೋಗುವುದು, ಅವರ ಪಾಲಿನ ಸಂತೋಷವನ್ನು ಸ್ವಲ್ಪ ಕಾಲ ನಾವು ಹೊತ್ತು ನಡೆಯುವುದು ನಮ್ಮ ಕರ್ತವ್ಯ. ಜಪಸರದ ಸಂತೋಷದ ರಹಸ್ಯಗಳನ್ನೇ ನೋಡಿರಿ: ಅವುಗಳಲ್ಲಿಯೇ ಸಿಮೆಯೋನನು ನುಡಿದ ಅಲಗಿನ ಮಾತಿದೆ, ಮೂರು ದಿನ ಮಗನನ್ನು ಕಾಣದೆ ಅಲೆದ ತಾಯಿಯ ಸಂಕಟವಿದೆ. ಆದರೂ ನಮ್ಮ ಹಿರಿಯರು ಅವುಗಳನ್ನು ಸಂತೋಷದ ರಹಸ್ಯಗಳೆಂದೇ ಕರೆದರು.

ವ್ರತವು ಸಣ್ಣ ಸಂಗತಿಗಳಿಂದ ಆರಂಭವಾಗಲಿ. ಬೆಳಿಗ್ಗೆ ಮನೆಯವರೊಡನೆ ಆಡುವ ಮೊದಲ ಮಾತು ದೂರಾಗದಿರಲಿ. ಪೂಜೆಯಲ್ಲಿ ಗಾಯನ ವೃಂದಕ್ಕೆ ಮಾತ್ರ ಬಿಡದೆ ನಾವೆಲ್ಲರೂ ಬಾಯ್ತೆರೆದು ಹಾಡೋಣ. ಹಬ್ಬದ ಊಟದ ಪಂಕ್ತಿಯಲ್ಲಿ, ಮಾತು ಬಿಟ್ಟು ವರುಷಗಳಾದವರ ಪಕ್ಕದಲ್ಲಿ ಎಲೆ ಹಾಕಿಸಿಕೊಳ್ಳೋಣ. ಯಾರಾದರೂ ನಮ್ಮನ್ನು ಹಾಸ್ಯ ಮಾಡಿದರೆ ಅವರಿಗಿಂತ ಮೊದಲು ನಾವೇ ನಗೋಣ. ಗುರುಗಳೂ ಇದಕ್ಕೆ ಹೊರತಲ್ಲ.

ದಾಖಲೆ ಪುಸ್ತಕಗಳನ್ನು ನಾವು ಮತ್ತೆ ಕಪಾಟಿನಲ್ಲಿರಿಸಿದ್ದೇವೆ. ಎರಡು ಶವಪೆಟ್ಟಿಗೆಗಳನ್ನು ಹೊತ್ತ ಮನೆಯವರು ಮರುವರ್ಷ ಮಗುವನ್ನೆತ್ತಿಕೊಂಡು ಈ ಬಾಗಿಲಿಗೆ ಬಂದರಲ್ಲ, ಆ ದಿನ ಅವರು ಆರಿಸಿಕೊಂಡದ್ದರ ಫಲವಾಗಿಯೇ ನಾವಿಂದು ಇಲ್ಲಿ ನಿಂತಿದ್ದೇವೆ. ಮುಂದಿನ ನೂರು ವರುಷಗಳ ಮಕ್ಕಳಿಗೂ ಅದೇ ಬಾಗಿಲು ತೆರೆದಿರುವಂತೆ, ಸಂತ ಫಿಲಿಪ್ ನೇರಿಯವರ ಮತ್ತು ಸಂತ ಜೋಸೆಫ್ ವಾಜರ ಪ್ರಾರ್ಥನೆಯ ಬಲದಿಂದ, ಪುನರುತ್ಥಾನರಾದ ಪ್ರಭು ನಿಮ್ಮ ಮನೆಮನೆಗಳನ್ನು ತಮ್ಮ ಸಂತೋಷದಿಂದ ತುಂಬಲಿ.

ಕ್ರಿಸ್ತರ ಸೇವೆಯಲ್ಲಿ,
ನಿಮ್ಮ ಧರ್ಮಕೇಂದ್ರದ ಗುರುಗಳು