ಫೈಲಿನ ಒಡೆಯ ಯಾರು?

1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಅಲನ್ ಶೆರ್ ಅವರಿಗೆ ಕಂಪ್ಯೂಟರಿನಲ್ಲಿ ಹಂಚಿಕೊಟ್ಟಿದ್ದ ಸಮಯ ಸಾಲುತ್ತಿರಲಿಲ್ಲ. ಯಂತ್ರ ಒಂದು, ಬಳಸುವವರು ಹಲವರು. ಅದನ್ನು ಎಲ್ಲರೂ ಒಟ್ಟಿಗೆ ಬಳಸುವಂತೆ ಮಾಡಿದ್ದು ಫರ್ನಾಂಡೊ ಕೊರ್ಬಾಟೊ ತಂಡ ಹಿಂದಿನ ವರ್ಷವಷ್ಟೇ ತೋರಿಸಿದ್ದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆ. ಯಾರ ಫೈಲು ಯಾರದ್ದು ಎಂದು ಬೇರ್ಪಡಿಸಲು ಪ್ರತಿಯೊಬ್ಬರಿಗೂ ಒಂದು ಪಾಸ್‌ವರ್ಡ್ ಇತ್ತು. ಖಾತೆಯ ಸಂಖ್ಯೆಯನ್ನೂ ಫೈಲಿನ ಹೆಸರನ್ನೂ ಪಂಚ್ ಕಾರ್ಡಿನಲ್ಲಿ ಕೊಟ್ಟರೆ ಆ ಫೈಲು ಅಚ್ಚಾಗಿ ಬರುವ ಏರ್ಪಾಡೂ ಇತ್ತು. ಶೆರ್ ಪಾಸ್‌ವರ್ಡ್ ಫೈಲಿನ ಹೆಸರನ್ನೇ ಕೊಟ್ಟರು. ಅಚ್ಚಾಗಿ ಬಂತು! ಯಂತ್ರ ಕೇಳಿದ್ದನ್ನು ಕೊಟ್ಟಿತು, ಕೇಳಿದವರು ಯಾರೆಂದು ನೋಡಲಿಲ್ಲ. ಬಹಳ ವರ್ಷಗಳ ನಂತರ ಅವರೇ ಇದನ್ನು ಹೇಳಿಕೊಂಡರು. ಸಮಯ ಸಾಲದ ಸಂಶೋಧನಾ ವಿದ್ಯಾರ್ಥಿಗಳಿಗೆ ಅವರ ಮೇಲೆ ಸ್ವಲ್ಪ ಮಮತೆ ಹುಟ್ಟುವುದು ಸಹಜ.

ಅದೇ ವ್ಯವಸ್ಥೆಯಲ್ಲಿ ಮುಂದೊಮ್ಮೆ ಇನ್ನೊಂದು ಎಡವಟ್ಟಾಯಿತು. ದಿನದ ಸೂಚನೆಯನ್ನೂ ಪಾಸ್‌ವರ್ಡ್ ಪಟ್ಟಿಯನ್ನೂ ಏಕಕಾಲಕ್ಕೆ ತಿದ್ದಲು ಹೋದಾಗ ಎರಡು ಫೈಲುಗಳೂ ಅದಲುಬದಲಾದವು. ಅಂದು ಲಾಗಿನ್ ಆದವರೆಲ್ಲರ ಮುಂದೆ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡುಗಳೂ ಮೂಡಿದವು. ತಮಗೆ ಸಂದ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಕೊರ್ಬಾಟೊ ಈ ಕತೆಯನ್ನು ತಾವೇ ಹೇಳಿದರು.

ಬೀಗವೊಂದೇ ಸಾಲದು, ಪ್ರತಿ ಫೈಲಿಗೂ ಒಂದು ಪಟ್ಟಿ ಬೇಕು ಎಂಬ ಯೋಚನೆ ಬಲವಾದದ್ದು 1965ರ ಹೊತ್ತಿಗೆ ರೂಪುಗೊಂಡ ಮಲ್ಟಿಕ್ಸ್‌ನಲ್ಲಿ. ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಹೆಸರು ಹಿಡಿದು ಬರೆದಿಡುವ ಪಟ್ಟಿ ಅದು. ಇಂದು ನಾವು 'ಶೇರ್' ಒತ್ತಿದಾಗ ತೆರೆದುಕೊಳ್ಳುವ ಹೆಸರುಗಳ ಸಾಲು ಇದರ ವಂಶದ್ದೇ. ಮಲ್ಟಿಕ್ಸ್‌ನಿಂದ 1969ರಲ್ಲಿ ಹೊರಬಂದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್ ಇದನ್ನು ಚಿಕ್ಕದಾಗಿಸಿತು: ಒಡೆಯ ಮತ್ತು ಇತರರು, ಕೆಲವು ವರ್ಷಗಳಲ್ಲಿ ನಡುವೆ 'ಗುಂಪು' ಸೇರಿತು.

ಯೂನಿಕ್ಸ್‌ನಲ್ಲಿ ಒಡೆತನ ಬದಲಿಸುವ ಆಜ್ಞೆಯ ಹೆಸರು 'ಚೌನ್'. ಮೊದಮೊದಲು ಯಾರಾದರೂ ತಮ್ಮ ಫೈಲನ್ನು ಇನ್ನೊಬ್ಬರ ಹೆಸರಿಗೆ ಬರೆದುಕೊಡಬಹುದಿತ್ತು. ಬರ್ಕ್ಲಿಯಲ್ಲಿ ಬೆಳೆದ ಯೂನಿಕ್ಸ್‌ನಲ್ಲಿ ಈ ಸ್ವಾತಂತ್ರ್ಯ ವ್ಯವಸ್ಥಾಪಕರಿಗೆ ಮಾತ್ರ ಇತ್ತು. ಒಂದು ಕಾರಣ ತಮಾಷೆಯಾಗಿದೆ. ಪ್ರತಿಯೊಬ್ಬರಿಗೂ ಡಿಸ್ಕಿನಲ್ಲಿ ಇಂತಿಷ್ಟೇ ಜಾಗ ಎಂದಾದ ಮೇಲೆ, ತನ್ನ ಭಾರವನ್ನು ಪಕ್ಕದವನ ಲೆಕ್ಕಕ್ಕೆ ತಳ್ಳಿಬಿಡುವ ದಾರಿ ಅದಾಗುತ್ತಿತ್ತು. ನನಗೆ ಈ ಇತಿಹಾಸದಲ್ಲಿ ಅತಿ ಮುಖ್ಯವೆನಿಸುವುದು ಇದೇ. ಬರೆದವರು ಯಾರು ಎಂಬ ಪ್ರಶ್ನೆಯನ್ನು ಯಂತ್ರ ಕೇಳುವುದೇ ಇಲ್ಲ. ಜಾಗದ ಲೆಕ್ಕ ಯಾರ ಹೆಸರಿನಲ್ಲಿದೆ ಎಂದಷ್ಟೇ ಕೇಳುತ್ತದೆ.

2012ರ ಏಪ್ರಿಲ್‌ನಲ್ಲಿ ಬಂದ ಗೂಗಲ್ ಡ್ರೈವ್ ಕೂಡ ಈ ಲೆಕ್ಕದ ಪುಸ್ತಕವನ್ನೇ ಮುಂದುವರಿಸಿತು. ನಾಲ್ವರು ಕೂತು ಒಂದು ಪ್ರಬಂಧ ಬರೆದರೂ ಒಡೆಯ ಒಬ್ಬರೇ, ಮೊದಲು ಆ ಫೈಲು ತೆರೆದವರು. ಅದು ತಿನ್ನುವ ಜಾಗವೂ ಅವರದ್ದೇ. ಉಳಿದ ಮೂವರು ಎಷ್ಟೇ ಪುಟ ಬರೆದಿರಲಿ, ಅವರು ಅನುಮತಿ ಪಡೆದ ಅತಿಥಿಗಳು. ವಿಶ್ವವಿದ್ಯಾಲಯದ ಖಾತೆಯಲ್ಲಿ ಹುಟ್ಟಿದ ಫೈಲಿನ ಒಡೆತನವನ್ನು ಹೊರಗಿನ ಸ್ವಂತ ಖಾತೆಗೆ ವರ್ಗಾಯಿಸಲೂ ಆಗದು. ನಕಲು ಮಾಡಿಕೊಳ್ಳಬಹುದು, ಆದರೆ ಯಾರು ಯಾವಾಗ ಏನು ತಿದ್ದಿದರು ಎಂಬ ಇತಿಹಾಸ ಆ ನಕಲಿಗೆ ಬರುವುದಿಲ್ಲ. ಪಾಠಾಂತರಗಳನ್ನು ಹುಡುಕುವುದೇ ಕಸುಬಾದವರಿಗೆ ಇದು ಸಣ್ಣ ನಷ್ಟವಲ್ಲ.

ನಮ್ಮ ಜೊತೆ ಕ್ಷೇತ್ರಕಾರ್ಯ ಮಾಡಿದ ಸೀನಿಯರ್ ಅಕ್ಕ ಒಬ್ಬರು ಹಾಡುಗಾರ್ತಿಯರ ಧ್ವನಿಮುದ್ರಣಗಳನ್ನು, ಅದರ ಬರಹರೂಪವನ್ನು ತಮ್ಮ ವಿಶ್ವವಿದ್ಯಾಲಯ ಕೊಟ್ಟ ಕ್ಲೌಡ್ ಖಾತೆಯಲ್ಲಿಟ್ಟಿದ್ದರು. ಐದು ಜನ ಅದರಲ್ಲಿ ಕೆಲಸ ಮಾಡುತ್ತಿದ್ದೆವು. ಪದವಿ ಸಿಕ್ಕಿತು, ಕೆಲವು ತಿಂಗಳಲ್ಲಿ ಖಾತೆ ಮುಚ್ಚಿತು. ಫೋಲ್ಡರಿನ ಕೊಂಡಿ ಒತ್ತಿದರೆ ಅನುಮತಿ ಕೇಳಿ ಎನ್ನುವ ಪುಟ, ಕೇಳುವುದು ಯಾರನ್ನು? ಕಚೇರಿಗೆ ಬರೆದ ಪತ್ರಕ್ಕೆ ಉತ್ತರ ಬರುವ ಹೊತ್ತಿಗೆ ಮರಳಿ ಪಡೆಯುವ ಗಡುವು ಮುಗಿದಿತ್ತು. ಹಾಡಿದವರಲ್ಲಿ ಇಬ್ಬರು ಈಗಿಲ್ಲ. ನಮ್ಮ ಓಲೆಗರಿ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಎಣ್ಣೆ, ನೀರು, ಸಡಿಲವಾದ ಕಟ್ಟಿನಿಂದ ಇದನ್ನು ಕಾಪಾಡಿ, ಮೂರ್ಖರ ಕೈಗೆ ಕೊಡಬೇಡಿ ಎಂದು ಬೇಡಿಕೊಳ್ಳುತ್ತಿದ್ದರು. ಅವರ ಭಯಗಳಾದರೂ ಕಣ್ಣಿಗೆ ಕಾಣುವಂಥವು.

ಕಣ್ಣಿಗೆ ಕಾಣದಿರುವುದು ಇನ್ನೊಂದಿದೆ. ಸ್ವಂತ ಡ್ರೈವ್ ಖಾತೆಯಲ್ಲಿ ಯಾರು ತಿದ್ದಿದರು, ಯಾರಿಗೆ ಹಂಚಲಾಯಿತು ಎಂದು ನೋಡಬಹುದು. ಯಾರು ತೆರೆದು ಓದಿದರು ಎಂದು ತಿಳಿಯುವುದಿಲ್ಲ. ಸಂಸ್ಥೆಯ ಖಾತೆಯಾದರೆ ಆ ದಾಖಲೆ ಇರಬಹುದು. ಕೊಂಡಿ ಇರುವ ಯಾರಾದರೂ ನೋಡಬಹುದು ಎಂದು ಬಿಟ್ಟರಂತೂ ಮಲ್ಟಿಕ್ಸ್‌ನ ಹೆಸರು ಹಿಡಿದ ಪಟ್ಟಿಗೆ ಅರ್ಥವೇ ಉಳಿಯುವುದಿಲ್ಲ.

ಒಡೆಯರು ಸತ್ತರೆ? 2004ರಲ್ಲಿ ಇರಾಕಿನಲ್ಲಿ ಸತ್ತ ಅಮೆರಿಕದ ಸೈನಿಕನೊಬ್ಬನ ತಂದೆ ಮಗನ ಯಾಹೂ ಮೇಲ್‌ಗಳನ್ನು ಕೇಳಿದಾಗ ಕಂಪನಿ ಒಪ್ಪಲಿಲ್ಲ; ಮರುವರ್ಷ ಮಿಶಿಗನ್ನಿನ ನ್ಯಾಯಾಲಯ ಆದೇಶಿಸಿದ ಮೇಲೆ ಕೊಟ್ಟಿತು. 2013ರಲ್ಲಿ ಗೂಗಲ್, ಖಾತೆ ನಿಷ್ಕ್ರಿಯವಾದರೆ ಯಾರಿಗೆ ಏನು ಸಿಗಬೇಕೆಂದು ಮೊದಲೇ ಬರೆದಿಡುವ ಸೌಲಭ್ಯ ತಂದಿತು. 2023ರಲ್ಲಿ ಎರಡು ವರ್ಷ ಬಳಸದ ಸ್ವಂತ ಖಾತೆಗಳನ್ನು ಅಳಿಸಬಹುದು ಎಂಬ ನಿಯಮವೂ ಬಂತು. ಆ ಸೌಲಭ್ಯ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ನಲ್ಲೂ ಇದೆ. ಹಂಚಿಕೊಂಡ ಡ್ರೈವ್ ಎಂಬ ಇನ್ನೊಂದು ಏರ್ಪಾಡಿನಲ್ಲಿ ಒಡೆತನ ವ್ಯಕ್ತಿಗಲ್ಲ, ಸಂಸ್ಥೆಗೆ. ಸದಸ್ಯರು ಹೋದರೂ ಫೈಲು ಉಳಿಯುತ್ತದೆ, ಸಂಸ್ಥೆ ಇಟ್ಟುಕೊಂಡಿರುವಷ್ಟು ದಿನ. ನಮ್ಮ ಗುಂಪು ಉಳಿದ ಮುದ್ರಣಗಳನ್ನು ಎರಡು ಹಾರ್ಡ್ ಡಿಸ್ಕುಗಳಿಗೆ ಹಾಕಿ, ಒಂದನ್ನು ಹಾಡಿದವರ ಊರಿನ ಶಾಲೆಯ ಬೀರುವಿನಲ್ಲಿಟ್ಟಿದೆ. ಕೀಲಿ ಅಲ್ಲಿನ ಮೇಷ್ಟ್ರ ಹತ್ತಿರ ಇದೆ.